ಚದುರಂಗದ ಅಕ್ಕಿ ಕಾಳುಗಳ ಸಂಖ್ಯೆಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ಚದುರಂಗದ ಮೊದಲ ಮನೆಯಲ್ಲಿ ಒಂದು ಅಕ್ಕಿ ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ 64 ಮನೆಗಳಿಗೆ ಬೇಕಾಗುವ ಕಾಳುಗಳು 1,84,46,74,40,73,70,95,51,615 ಎಂದು ಓದಿದ್ದೇನೆ. ಇದು 5ರಿಂದ ಭಾಗವಾಗುತ್ತದೆಂಬುದು ನೋಡಿದೊಡನೆ ತಿಳಿಯುತ್ತದೆ. ಉಳಿದ ಅಪವರ್ತನಗಳನ್ನೂ ಕಂಡುಹಿಡಿಯಬೇಕೆಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಹಟ ಹಿಡಿದಿದ್ದಾಳೆ. ನಮ್ಮ ಮನೆಯ ಕ್ಯಾಲ್ಕುಲೇಟರಿನಲ್ಲಿ ಇಷ್ಟು ಅಂಕಿಗಳು ಹಿಡಿಯುವುದಿಲ್ಲ. ಕೈಯಲ್ಲಿ ಮಾಡಲು ದಾರಿಯಿದೆಯೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ದಾರಿಯಿದೆ, ಅದಕ್ಕೆ ದೀರ್ಘ ಭಾಗಾಕಾರವೂ ಬೇಕಿಲ್ಲ. ಸಂಖ್ಯೆ ಎಷ್ಟು ದೊಡ್ಡದೆಂಬುದನ್ನು ಮರೆತು, ಅದು ಹುಟ್ಟಿದ ಬಗೆಯನ್ನು ನೋಡಬೇಕು.

ಚದುರಂಗದ ಮಣೆಯನ್ನು 32 ಮನೆಗಳ ಎರಡು ಭಾಗಗಳಾಗಿ ಮಾಡಿಕೊಳ್ಳಿ. 33ನೆಯ ಮನೆಯಲ್ಲಿರುವುದು ಮೊದಲ ಮನೆಯ 4,29,49,67,296 ಪಟ್ಟು, ಎಂದರೆ 2ರ 32ನೆಯ ಘಾತದಷ್ಟು; 34ನೆಯದಕ್ಕೂ ಎರಡನೆಯದಕ್ಕೂ ಇರುವ ಸಂಬಂಧವೂ ಅದೇ. ಆದ್ದರಿಂದ ಒಟ್ಟು ಕಾಳುಗಳ ಸಂಖ್ಯೆಯು ಮೊದಲ ಭಾಗದ ಕಾಳುಗಳನ್ನು 4,29,49,67,297ರಿಂದ ಗುಣಿಸಿದಷ್ಟಾಗುತ್ತದೆ. ಒಂದು ಗ್ರಾಮಿಗೆ 50 ಕಾಳು ಎಂದು ಹಿಡಿದರೆ ಮೊದಲ ಭಾಗದ ಅಕ್ಕಿ ಸುಮಾರು 86 ಟನ್. ನಿಮ್ಮೂರಿನ ಅಕ್ಕಿ ಗಿರಣಿಯವರು ಇದಕ್ಕೆ ಬೆರಗಾಗಲಾರರು. ಇಡೀ ಮಣೆಯದು ಸುಮಾರು 36,900 ಕೋಟಿ ಟನ್, ಅಂದರೆ ಜಗತ್ತು ಈಗ ಒಂದು ವರ್ಷದಲ್ಲಿ ಬೆಳೆಯುವ ಅಕ್ಕಿಯ ಹೆಚ್ಚುಕಡಿಮೆ ಏಳುನೂರು ಪಟ್ಟು.

ಮೊದಲ ಭಾಗವನ್ನೂ ಹೀಗೆಯೇ 16, 8, 4, 2 ಮನೆಗಳಾಗಿ ಅರ್ಧಿಸುತ್ತ ಬಂದರೆ 65,537, 257, 17, 5 ಮತ್ತು 3 ಎಂಬ ಅಪವರ್ತನಗಳು ತಾವಾಗಿಯೇ ಉದುರುತ್ತವೆ. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಮುಂದಿನದಾದ 4,29,49,67,297 ಕೂಡ ಅವಿಭಾಜ್ಯವೇ ಇರಬೇಕೆಂದು 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. ಅದು ಹಾಗಲ್ಲ, 641ರಿಂದ ಭಾಗವಾಗುತ್ತದೆ ಎಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದರು. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವು 64ರ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕೆಂಬ ನಿಯಮವೂ ಅವರದೇ. ಆ ನಿಯಮದಂತೆ ಹುಡುಕಿದರೆ 193, 257, 449, 577 ಆದ ಮೇಲೆ ಐದನೆಯದಾಗಿ ಸಿಗುವ ಅವಿಭಾಜ್ಯ ಸಂಖ್ಯೆಯೇ 641.

ಇದನ್ನು ಪರೀಕ್ಷಿಸುವ ಬಗೆಯೊಂದು ನನಗೆ ಅತ್ಯಂತ ಪ್ರಿಯವಾದುದು, ನಿಮ್ಮ ಮಗಳಿಗೂ ಎಟುಕುವಂಥದು. 641 ಎಂದರೆ 640 + 1; ಈ 640 ಎಂಬುದು 5 ಮತ್ತು 2ರ 7ನೆಯ ಘಾತದ ಗುಣಲಬ್ಧ. ಅದೇ 641 ಎಂದರೆ 625 + 16 ಕೂಡ ಹೌದು, ಅಂದರೆ 5ರ 4ನೆಯ ಘಾತ ಮತ್ತು 2ರ 4ನೆಯ ಘಾತಗಳ ಮೊತ್ತ. ಈ ಮೊತ್ತವನ್ನು 2ರ 28ನೆಯ ಘಾತದಿಂದ ಗುಣಿಸಿದರೆ 640ರ 4ನೆಯ ಘಾತಕ್ಕೆ 2ರ 32ನೆಯ ಘಾತವನ್ನು ಕೂಡಿಸಿದಷ್ಟಾಗುತ್ತದೆ, ಮತ್ತು ಇದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 640ರ 4ನೆಯ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆಯೂ 641ರಿಂದ ಭಾಗವಾಗುತ್ತದೆ, ಏಕೆಂದರೆ 640 + 1 ಅದರದೊಂದು ಅಪವರ್ತನ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಉಳಿಯುವುದು 2ರ 32ನೆಯ ಘಾತಕ್ಕಿಂತ ಒಂದು ಹೆಚ್ಚು, ಎಂದರೆ ಆ 4,29,49,67,297.

ಇಂಥ ದೊಡ್ಡ ಸಂಖ್ಯೆಗಳ ನಂಟು ನಮ್ಮ ನಾಡಿಗೆ ಹಳೆಯದು: ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾರೆ. ನಿಮ್ಮ ಸಂಖ್ಯೆಗೆ ಅವುಗಳಲ್ಲಿ 20 ಸಾಕು.

ಹೀಗೆ ಪೂರ್ಣ ಅಪವರ್ತನಗಳು 3, 5, 17, 257, 641, 65,537 ಮತ್ತು 67,00,417. ಕೊನೆಯದು 4,29,49,67,297ನ್ನು 641ರಿಂದ ಭಾಗಿಸಿದಾಗ ಬರುವುದು; ಅದೂ ಅವಿಭಾಜ್ಯವೇ. ಏಳೂ ಒಂದೊಂದೇ ಸಲ ಬರುವುದರಿಂದ ಈ ಸಂಖ್ಯೆಯು ಪೂರ್ಣವರ್ಗವಲ್ಲ, ಮತ್ತು ಒಂದನ್ನೂ ತನ್ನನ್ನೂ ಸೇರಿಸಿ ಇದಕ್ಕೆ ಸರಿಯಾಗಿ 128 ಭಾಜಕಗಳಿವೆ.