ನಿಂಬೆಹಣ್ಣಿನ ‘ರಕ್ತ’ ಕೆಂಪಾಗದಿದ್ದರೆ

ನಿಂಬೆಹಣ್ಣು ಕೊಯ್ದಾಗ ರಸ ಕೆಂಪಾಗಲಿಲ್ಲ ಅಂತ ಕೇಳಿದ್ದೀರಿ. ತೊಂದರೆ ಅರಿಶಿನದ್ದೇ ಇರಬೇಕು. ಸಮ್ಮೇಳನದಲ್ಲಿ ನೋಡಿದ ‘ರಕ್ತ ಸುರಿಸುವ ನಿಂಬೆಹಣ್ಣು’ ಬದಿಯಡ್ಕದ ನಿಮ್ಮ ಶಾಲೆಯಲ್ಲಿ ಮಾಡಲು ಚಾಕುವಿಗೆ ಅರಿಶಿನ ಹಚ್ಚಿದ್ದಾಗಿ ಬರೆದಿದ್ದೀರಿ. ಹುಳಿ ತಾಗಿದರೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಅದು ಕೆಂಪಾಗುವುದು ಸುಣ್ಣಕ್ಕೆ. ಎಲೆ ಅಡಿಕೆ ತಟ್ಟೆಯ ಸುಣ್ಣ ಒಂದು ಚೂರು ತಾಗಿಸಿ ನೋಡಿ.

ನಿಂಬೆಗೆ ಬೇಕಾದ್ದು ಕೆಂಪು ದಾಸವಾಳ. ಐದಾರು ಹೂವಿನ ಎಸಳುಗಳನ್ನು ಸ್ಟೀಲ್ ಚಾಕುವಿನ ಎರಡೂ ಬದಿಗೆ ಚೆನ್ನಾಗಿ ತಿಕ್ಕಿ, ಪೂರ್ತಿ ಒಣಗಿಸಿ. ಆಮೇಲೆ ಇನ್ನೊಂದು ಸಲ ತಿಕ್ಕಿ ಒಣಗಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಇದಕ್ಕೆ ಜಾಸ್ತಿ ಹೊತ್ತು ಬೇಕು, ಫ್ಯಾನಿನ ಕೆಳಗಿಡಿ. ತುಂಬ ರಸ ಇರುವ ಹಣ್ಣು ಆರಿಸಿ, ನಿಧಾನವಾಗಿ ಕೊಯ್ಯಿರಿ. ಬಣ್ಣ ಒಂದೊಂದು ಹೂವಿಗೆ ಒಂದೊಂದು ಥರ ಬರುತ್ತದೆ. ಹಾಗಾಗಿ ಹಿಂದಿನ ದಿನವೇ ಮನೆಯಲ್ಲಿ ಒಮ್ಮೆ ಮಾಡಿ ನೋಡಿ.

ಮಕ್ಕಳು ಬೆರಗಾದರು ಅಂತ ಅಲ್ಲಿಗೇ ದಯವಿಟ್ಟು ನಿಲ್ಲಿಸಬೇಡಿ. ಕಲ್ಲಿಕೋಟೆಯ ವಿಚಾರವಾದಿ ಬಿ. ಪ್ರೇಮಾನಂದ ಊರೂರಿಗೆ ಹೋಗಿ ಇಂಥ ‘ಪವಾಡ’ ಮಾಡಿ ತೋರಿಸಿ, ಗುಟ್ಟನ್ನೂ ಬಿಚ್ಚಿಡುತ್ತಿದ್ದರು. ಆ ಕೆಲಸದ ಜೀವ ಇರುವುದೇ ಗುಟ್ಟು ಹೇಳುವುದರಲ್ಲಿ ಅಲ್ವಾ? ಚಾಕು ನಿಮ್ಮ ಕೈಯಲ್ಲೇ ಇರಲಿ. ಮಕ್ಕಳಿಗೆ ಬಿಳಿ ಕಾಗದ, ದಾಸವಾಳ ಕೊಡಿ. ಅವರೇ ತಿಕ್ಕಿ, ಒಣಗಿಸಿ, ಮೇಲೆ ಎರಡು ಹನಿ ನಿಂಬೆರಸ ಬಿಡಲಿ.