ಷರಾ ಕಾಲಂ ಗ್ರೂಪಿಗೆ ಹೋಗಿಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ನಾನು ಎಂಟನೇ ಕ್ಲಾಸಿನ ಟೀಚರ್. ಮೊನ್ನೆ ಸಂಜೆ ಪೋಷಕರ ವಾಟ್ಸಾಪ್ ಗ್ರೂಪಿಗೆ ಅಂಕಗಳ ಎಕ್ಸೆಲ್ ಫೈಲ್ ಹಾಕಿದೆ. ಅದರ ಎರಡನೇ ಶೀಟಿನಲ್ಲಿ ಎಲ್ಲ ಮಕ್ಕಳ ಜಾತಿ, ಆದಾಯ, ಆಧಾರ್ ನಂಬರ್ ಇದ್ದದ್ದು ಮರೆತೇ ಹೋಗಿತ್ತು. ಒಬ್ಬ ಹುಡುಗಿಯ ಷರಾ ಕಾಲಂನಲ್ಲಿ 'ಫಿಟ್ಸ್ ಇದೆ, ಮಾತ್ರೆ ತಗೋತಾಳೆ' ಅಂತ ನಾನೇ ಬರೆದಿದ್ದೆ. ಅವಳ ಅಮ್ಮ ನನ್ನನ್ನು ನಂಬಿ ಹೇಳಿದ್ದ ವಿಷಯ ಅದು. ಮೂರು ಗಂಟೆ ಬಿಟ್ಟು ನೋಡಿಕೊಂಡು ಡಿಲೀಟ್ ಮಾಡಿದೆ. ಹೆಡ್‌ಮಾಸ್ಟರು 'ಯಾರೂ ನೋಡಿರಲ್ಲ, ಸುಮ್ನಿದ್ದುಬಿಡಿ' ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ.
(ಹೆಸರು ಬೇಡ)

ಉತ್ತರ: ಮೇಡಂ, ಸುಮ್ಮನಿರಬೇಡಿ. ಇವತ್ತೇ ಆ ಅಮ್ಮನ ಮನೆಗೆ ಹೋಗಿ. ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ. ಏನು ಹೋಯಿತು, ಎಷ್ಟು ಹೊತ್ತು ಇತ್ತು, ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ, ಎಲ್ಲವನ್ನೂ ಹೇಳಿ. ಅವರು ಬೈಯಬಹುದು, ಬೈಯಲಿ. ನಾಳೆ ಮದುವೆ ಮನೆಯಲ್ಲೋ ಬಸ್ ಸ್ಟಾಪಿನಲ್ಲೋ ಯಾರೋ 'ನಿಮ್ಮ ಮಗಳಿಗೆ ಫಿಟ್ಸ್ ಅಂತೆ, ಹೌದಾ' ಅಂತ ಕೇಳಿ, ಆಗ ಅವರಿಗೆ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗುವುದು ಎಷ್ಟೋ ಮೇಲು ಅಲ್ವಾ? ಫಿಟ್ಸ್ ಅಂದ ಕೂಡಲೇ ಹೆಣ್ಣುಮಗುವಿನ ಮದುವೆ ಬಗ್ಗೆ ಮಾತಾಡುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ. ಆ ಅಮ್ಮ ನಿಮ್ಮನ್ನು ನಂಬಿ ಗುಟ್ಟಾಗಿ ಹೇಳಿದ್ದೂ ಅದಕ್ಕೇ ಇರಬೇಕು.

ಇನ್ನು ಆ ಫೈಲ್. ಗ್ರೂಪಿನಿಂದ ಅಳಿಸಿದರೂ ಡೌನ್‌ಲೋಡ್ ಮಾಡಿಕೊಂಡವರ ಮೊಬೈಲಿನಲ್ಲಿ ಅದು ಹಾಗೇ ಉಳಿದಿರಬಹುದು. 'ಮೊನ್ನೆ ತಪ್ಪು ಫೈಲ್ ಬಂದಿತ್ತು, ತೆರೆಯದೆ ಅಳಿಸಿ, ಯಾರಿಗೂ ಕಳಿಸಬೇಡಿ' ಅಂತಷ್ಟೇ ಗ್ರೂಪಿನಲ್ಲಿ ಹಾಕಿ. ಆ ಹುಡುಗಿಯ ಹೆಸರಾಗಲಿ ಕಾಯಿಲೆಯಾಗಲಿ ಅಲ್ಲಿ ಬರಲೇಬಾರದು, ಬಂದರೆ ನೋಡದವರೂ ಹುಡುಕಿ ನೋಡುತ್ತಾರೆ.

ಉಳಿದ ಪೋಷಕರಿಗೂ ಜಾತಿ, ಆದಾಯ, ಆಧಾರ್ ಹೊರಗೆ ಹೋದದ್ದು ತಿಳಿಯಬೇಕು. ಒಂದು ಸಭೆ ಕರೆದು ಹೇಳಿ. ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಳ್ಳಬಹುದು, ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಲಿ. 'ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಹೇಳಬಾರದು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಹೆಡ್‌ಮಾಸ್ಟರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಶಾಲೆಗೇ ಜಾಸ್ತಿ ಕಷ್ಟ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು ಅಂತಲೇ ಇದೆ. ನಡೆದದ್ದನ್ನು ತಾರೀಖು, ಸಮಯ ಹಾಕಿ ಬರೆದು ಹೆಡ್‌ಮಾಸ್ಟರಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕೊನೆಗೆ ಆ ಹುಡುಗಿ. ಅವಳನ್ನು ಕೇಳದೆ ಕ್ಲಾಸಿನಲ್ಲಿ ಏನೂ ಮಾತಾಡಬೇಡಿ. 'ಯಾರಾದರೂ ಕೇಳಿದರೆ ಏನು ಹೇಳಲಿ ಪುಟ್ಟಾ?' ಅಂತ ಅವಳನ್ನೇ ಕೇಳಿ. ಒಪ್ಪಿದರೆ, ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗಲ್ಲ, ಬಾಯಿಗೆ ಏನೂ ತುರುಕಬಾರದು ಅಂತ ಗೆಳತಿಯರಿಗೆ ಹೇಳಿಕೊಡಿ. ಬೇಡ ಅಂದರೆ ಬೇಡ.