ಉಂಬಳದ ಫೋಟೋ, ನಾಯಕರ ಪೋಸ್ಟು

ಪ್ರಿಯ ಓದುಗರೇ,

ಹೊಸನಗರ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ಬಂತು. ಮಳೆ ನೀರು ತಾಗಿ ಒಂದು ಪುಟದ ಶಾಯಿ ಹರಡಿತ್ತು, ಆದರೆ ನಿಮ್ಮ ಸಿಟ್ಟು ಚೆನ್ನಾಗಿಯೇ ಓದಲು ಸಿಕ್ಕಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಉಳಿದವರಿಗೆ ಕತೆ ಹೇಳಿಬಿಡುತ್ತೇನೆ. ಇವರು ತೋಟಕ್ಕೆ ಕೊಳೆ ಔಷಧಿ ಹೊಡೆಸಿ ಮನೆಗೆ ಬಂದು ಕಾಲು ನೋಡಿಕೊಂಡರೆ ಐದು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಕಿತ್ತು ಸುಣ್ಣ ಹಚ್ಚುವಷ್ಟರಲ್ಲಿ ರಕ್ತ ಹಿಮ್ಮಡಿವರೆಗೆ ಇಳಿದಿತ್ತು. ಒಂದು ಫೋಟೋ ತೆಗೆದು ‘ಮಲೆನಾಡಿಗೆ ಸ್ವಾಗತ’ ಅಂತ ಜಾಲತಾಣದಲ್ಲಿ ಹಾಕಿದರು. ಹಿಂಸೆಯ ದೃಶ್ಯ ಅಂತ ಫೋಟೋ ಹೋಯಿತು, ಖಾತೆಗೆ ಮೂರು ದಿನ ಬೀಗ ಬಿತ್ತು. ಅದೇ ವಾರ ಇವರ ಕಡೆಯ ಚುನಾಯಿತ ನಾಯಕರೊಬ್ಬರು ‘ಇಂಥವರ ಅಂಗಡಿಗೆ ಹೋಗಬೇಡಿ’ ಅಂತ ಬರೆದದ್ದು ಹಾಗೇ ಇತ್ತು, ಐದಾರು ಜನ ದೂರು ಕೊಟ್ಟರೂ ಅಲ್ಲಾಡಲಿಲ್ಲ. ಇವರ ಪ್ರಶ್ನೆ: ‘ಇಂಥ ನಾಯಕರನ್ನು ಈ ಕಂಪನಿಗಳು ಯಾಕೆ ಒದ್ದು ಹೊರಗೆ ಹಾಕಲ್ಲ?’

ಹಾಕಬೇಕು ಮಾರಾಯ್ರೇ. ಆದರೆ ಹೇಗೆ ಹಾಕುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ನಿಮ್ಮ ಉಂಬಳದ ವಿಷಯ. ನಿಮಗೊಂದು ನಿಯಮ, ನಾಯಕರಿಗೊಂದು ನಿಯಮ ಅನ್ನುವುದು ನಿಮ್ಮ ಅನುಮಾನ ಮಾತ್ರ ಅಲ್ಲ. ರಾಜಕಾರಣಿಗಳ ಮಾತು ಸುದ್ದಿಯ ಮಾತು, ಜನ ಕೇಳಬೇಕಾದ್ದು, ಹಾಗಾಗಿ ನಮ್ಮ ನಿಯಮ ಮುರಿದರೂ ಸಾಮಾನ್ಯವಾಗಿ ತೆಗೆಯುವುದಿಲ್ಲ ಅಂತ 2019ರಲ್ಲಿ ಫೇಸ್‌ಬುಕ್ ಬಾಯಿಬಿಟ್ಟೇ ಹೇಳಿತ್ತು. 2021ರ ಜೂನ್‌ನಲ್ಲಿ ಆ ರಿಯಾಯಿತಿಯನ್ನು ಹಿಂದಕ್ಕೆ ತೆಗೆದುಕೊಂಡರು, ಕಾಗದದ ಮೇಲಾದರೂ. ನನಗೆ ಇದು ಮೊದಲಿಂದಲೂ ತಲೆಕೆಳಗಾಗಿ ಕಂಡಿದೆ. ನೀವು ಏನು ಬರೆದರೂ ನೋಡುವವರು ನಿಮ್ಮ ಬಾವ, ಸೊಸೈಟಿಯ ಗುಮಾಸ್ತರು, ಜಾಸ್ತಿ ಅಂದರೆ ಇನ್ನೂರು ಜನ. ಶಾಸಕರು ಬರೆದರೆ ಸಂಜೆಯೊಳಗೆ ಪೇಟೆಯಲ್ಲಿ ಗುಂಪು ಸೇರುತ್ತದೆ. ಮಾತಿಗೆ ತೂಕ ಜಾಸ್ತಿ ಇದ್ದವರಿಗೆ ಬಿಗಿಯೂ ಜಾಸ್ತಿ ಇರಬೇಕಿತ್ತು, ಅಲ್ವಾ?

ನಮ್ಮ ದೇಶದಲ್ಲೂ ಹೊರಗೆ ಹಾಕಿದ್ದಾರೆ. ತೆಲಂಗಾಣದ ಶಾಸಕ ಟಿ. ರಾಜಾ ಸಿಂಗ್ ಅವರನ್ನು 2020ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಹೊರಗೆ ಹಾಕಿತು. ಯಾವಾಗ? ಇವರ ವಿಷಯದಲ್ಲಿ ಕಂಪನಿ ಕಣ್ಣು ಮುಚ್ಚಿಕೊಂಡಿದೆ ಅಂತ ಅಮೆರಿಕದ ಪತ್ರಿಕೆಯೊಂದು ಬರೆದ ಮೇಲೆ. ಮಾನ ಹೋಗುತ್ತದೆ ಅಂದಾಗ ನೆನಪಾಗುವ ನಿಯಮವನ್ನು ನಾನು ನಿಯಮ ಅನ್ನುವುದಿಲ್ಲ.

ಇನ್ನು ಟ್ರಂಪ್ ಅವರ ಕತೆ. 2021ರ ಜನವರಿ 6ರಂದು ಅವರ ಬೆಂಬಲಿಗರು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದರು. ಮರುದಿನ ಫೇಸ್‌ಬುಕ್ ಖಾತೆ ನಿಂತಿತು, 8ಕ್ಕೆ ಟ್ವಿಟರ್ ಶಾಶ್ವತ ಅಂತ ಹೇಳಿ ಮುಚ್ಚಿತು. ಎಂಟೂವರೆ ಕೋಟಿಗೂ ಹೆಚ್ಚು ಜನ ಹಿಂಬಾಲಿಸುತ್ತಿದ್ದ ಖಾತೆ ಅದು. ಆ ದಿನ ಬೀಗ ಹಾಕಿದ್ದು ನನ್ನ ಲೆಕ್ಕದಲ್ಲಿ ಸರಿ. ಬೆಂಕಿ ಹತ್ತಿದ ಮನೆ ಮುಂದೆ ನಿಂತು ಸೀಮೆಎಣ್ಣೆ ಕ್ಯಾನ್ ಹಿಡಿದವನ ಹತ್ತಿರ ವಾಕ್ ಸ್ವಾತಂತ್ರ್ಯದ ಚರ್ಚೆ ಮಾಡಿಕೊಂಡು ಕೂರಲಾಗುವುದಿಲ್ಲ. ಆದರೆ ಟ್ರಂಪ್ ಕಂಡರೆ ಅಷ್ಟೇನೂ ಪ್ರೀತಿ ಇರದಿದ್ದ ಜರ್ಮನಿಯ ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಕೂಡ, ತಮ್ಮ ವಕ್ತಾರರ ಮೂಲಕ, ಇದು ಸರಿಯಲ್ಲ, ಇಂಥ ಮಿತಿ ಹಾಕಬೇಕಾದ್ದು ಕಾನೂನು, ಕಂಪನಿಯ ಆಡಳಿತ ಅಲ್ಲ ಅಂದರು. ಅದೂ ನನಗೆ ಸರಿ ಅನ್ನಿಸಿತು. ಎರಡೂ ಸರಿ ಅಂದರೆ ನೀವು ನಗುತ್ತೀರಿ, ನಗಿ.

ಮುಂದೆ ಆದದ್ದು ನೋಡಿ. ಫೇಸ್‌ಬುಕ್ಕೇ ನೇಮಿಸಿದ್ದ ಮೇಲ್ವಿಚಾರಣಾ ಮಂಡಳಿ ಆ ಮೇ ತಿಂಗಳಲ್ಲಿ, ಹಾಕಿದ್ದು ಸರಿ, ಆದರೆ ಗಡುವೇ ಇಲ್ಲದೆ ಹಾಕಿದ್ದು ತಪ್ಪು ಅಂತ ಹೇಳಿತು. ಆಮೇಲೆ ಕಂಪನಿ ಎರಡು ವರ್ಷ ಅಂತ ಅವಧಿ ಗೊತ್ತುಮಾಡಿತು, ಅದು ಮುಗಿದು 2023ರಲ್ಲಿ ಬಾಗಿಲು ತೆರೆಯಿತು. ಟ್ವಿಟರ್‌ನಲ್ಲಿ ಬೇರೆಯೇ ನಾಟಕ. ಮಾಲೀಕರು ಬದಲಾದರು. ಹೊಸ ಮಾಲೀಕ ಇಲಾನ್ ಮಸ್ಕ್ 2022ರ ನವೆಂಬರ್‌ನಲ್ಲಿ, ಊರ ಜಾತ್ರೆಗೆ ಆರ್ಕೆಸ್ಟ್ರಾ ತರಿಸೋಣವಾ ಅಂತ ಕೇಳಿದ ಹಾಗೆ, ಟ್ರಂಪ್ ಬರಬೇಕಾ ಬೇಡವಾ ಅಂತ ಓಟು ಹಾಕಿಸಿದರು. ಒಂದೂವರೆ ಕೋಟಿ ಓಟು ಬಿತ್ತು, 51.8 ಶೇಕಡಾ ಬರಲಿ ಅಂದರು, ಖಾತೆ ತೆರೆಯಿತು. ಹಾಗಾದರೆ ‘ಶಾಶ್ವತ’ ಅನ್ನುವ ಮಾತಿನ ಆಯಸ್ಸು ಎರಡು ವರ್ಷವೂ ಅಲ್ಲ. ನನ್ನ ಭಯ ಇದೇ. ಇವತ್ತು ನಿಮಗೆ ಆಗದವರನ್ನು ಹೊರಗೆ ಹಾಕುವ ಮಾಲೀಕ ನಾಳೆ ಅಂಗಡಿ ಮಾರುತ್ತಾನೆ, ಬೀಗದಕೈ ಇನ್ನೊಬ್ಬನ ಜೇಬಿಗೆ ಹೋಗುತ್ತದೆ.

ನಮ್ಮ ವಿಧಾನಸಭೆ ನೋಡಿ. 2025ರ ಮಾರ್ಚ್‌ನಲ್ಲಿ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಆ ತೀರ್ಮಾನ ಸರಿಯೋ ತಪ್ಪೋ ಅಂತ ಇವತ್ತಿಗೂ ಕಟ್ಟೆಯ ಮೇಲೆ ಜಗಳ ಆಡಬಹುದು. ಆದರೆ ಅದು ಸದನದಲ್ಲೇ, ಎಲ್ಲರ ಕಣ್ಣೆದುರು ಆಯಿತು. ಇಂಥ ಕಾರಣಕ್ಕೆ, ಇಷ್ಟು ದಿನ ಅಂತ ಇತ್ತು. ಮೇ ತಿಂಗಳಲ್ಲಿ ವಾಪಸ್ ತೆಗೆದುಕೊಂಡದ್ದೂ ಜನರಿಗೆ ಗೊತ್ತಾಯಿತು. ನಾನು ಕಂಪನಿಗಳಿಂದ ಕೇಳುವುದು ಇಷ್ಟೇ: ಯಾವ ಪೋಸ್ಟು, ಯಾವ ನಿಯಮ, ಎಷ್ಟು ದಿನ, ಯಾರ ಹತ್ತಿರ ಅಪೀಲು, ಇದನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಶಾಸಕರಿಗೂ ಅದೇ, ತೋಟದವರಿಗೂ ಅದೇ.

ಹಾಗಂತ ಈ ಕೆಲಸ ಪೂರ್ತಿ ಸರ್ಕಾರವೇ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಹಿಡಿದು ಸರ್ಕಾರ ಪೋಸ್ಟು, ಖಾತೆ ತಡೆಹಿಡಿಸಬಹುದು, ಮತ್ತು ಆ ವ್ಯವಹಾರವನ್ನು ಗುಟ್ಟಾಗಿ ಇಡಬೇಕು ಅಂತ ನಿಯಮವೇ ಇದೆ. ಕಂಪನಿಯ ಕತ್ತಲೆಯಿಂದ ಸರ್ಕಾರದ ಕತ್ತಲೆಗೆ ಹೋಗಿ ಏನು ಸುಖ?

ನಿಮ್ಮ ಕೊನೆಯ ಪುಟದಲ್ಲಿ ಒಂದು ಒಳ್ಳೆಯ ಮಾತಿದೆ: ‘ಅವರ ಪೇಜು ಮುಚ್ಚಿದರೆ ಮಳೆಗಾಲದಲ್ಲಿ ರಸ್ತೆ ಬಂದ್, ಧರೆ ಕುಸಿತ, ಇದೆಲ್ಲ ನಮಗೆ ಗೊತ್ತಾಗೋದು ಹೇಗೆ?’ ಹೌದು, ಜುಲೈನಲ್ಲಿ ಬೆಳಿಗ್ಗೆ ಆರಕ್ಕೇ ಎದ್ದು, ಸಿಗ್ನಲ್ ಸಿಗುವ ಗೇರುಮರದ ಬುಡಕ್ಕೆ ಹೋಗಿ, ಇವತ್ತು ಶಾಲೆಗೆ ರಜೆನಾ ಅಂತ ಫೋನ್ ನೋಡುವ ಜನ ನಾವು. ಆದರೆ ಅದು ಕುರ್ಚಿಯ ಮಾತು, ಮನುಷ್ಯನ ಮಾತಲ್ಲ. ಟ್ರಂಪ್ ಅವರ ಸ್ವಂತ ಖಾತೆ ಮುಚ್ಚಿದಾಗಲೂ ಅಮೆರಿಕ ಅಧ್ಯಕ್ಷರ ಹುದ್ದೆಯ ಖಾತೆಯನ್ನು ಉಳಿಸಿಕೊಂಡು, ಆಮೇಲೆ ಬೈಡನ್ ಕೈಗೆ ಕೊಟ್ಟರು. ಶಾಸಕರ ಹುಟ್ಟುಹಬ್ಬದ ಫ್ಲೆಕ್ಸು, ವೈರಿಗೆ ಬೈಗುಳ, ಹುಲಿಕಲ್ ಘಾಟಿ ಬಂದ್ ಆದ ಸುದ್ದಿ, ಮೂರೂ ಒಂದೇ ಪೇಜಿನಲ್ಲಿ ಬರುವುದೇ ತಪ್ಪು. ಘಾಟಿಯ ಸುದ್ದಿ ತಾಲ್ಲೂಕು ಕಚೇರಿ, ಜಿಲ್ಲಾಡಳಿತದ ಖಾತೆಯಲ್ಲಿ ಬರಲಿ. ಆಗ ಯಾರ ಪೇಜಿಗೆ ಬೀಗ ಬಿದ್ದರೂ ಬಸ್ಸಿಗೆ ಕಾಯುವವರಿಗೆ ತೊಂದರೆ ಇಲ್ಲ.

ಇನ್ನು ನಿಮ್ಮ ಖಾತೆ. ಮೊದಲು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅವರ ಉತ್ತರ ಸರಿ ಕಾಣದಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ಮಾಡಿರುವ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನಲ್ಲೇ ಅಪೀಲು ಹಾಕಬಹುದು, ವಕೀಲರು ಬೇಕಿಲ್ಲ. ನಾಯಕರ ಪೋಸ್ಟಿನ ಮೇಲೆ ನೀವು ಕೊಟ್ಟ ದೂರಿಗೂ ಇದೇ ದಾರಿ. ಎರಡನ್ನೂ ಒಟ್ಟಿಗೆ ಹಾಕಿ, ಏನು ಉತ್ತರ ಬರುತ್ತದೆ ಅಂತ ನನಗೂ ಬರೆಯಿರಿ.

ಮತ್ತೆ ಆ ಉಂಬಳದ ಫೋಟೋ. ಕಾಗದದ ಜೊತೆ ಪ್ರಿಂಟು ಹಾಕಿಸಿ ಕಳಿಸಿದ್ದೀರಲ್ಲ, ಅದು ಮಸುಕಾಗಿದೆ. ಒರಿಜಿನಲ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಬಣ್ಣದಲ್ಲೇ ಹಾಕುತ್ತೇವೆ.

– ಸಂಪಾದಕ